‘ನೋಡೂಣು’ ಅನ್ನುವುದಕ್ಕೆ ಜಪಾನಿಯಲ್ಲಿ ಏನಂತಾರೆ

ಫೋನಿನಲ್ಲಿ ಮಾತಾಡುವಾಗ ನಾನು ಬಾಗುತ್ತೇನೆ. ಆ ಕಡೆಯವರಿಗೆ ಇದು ಕಾಣುವುದಿಲ್ಲವೆಂದು ನನಗೂ ಗೊತ್ತು. ಆದರೂ ‘ಆಗಲಿ’ ಎನ್ನುವಾಗ ಒಮ್ಮೆ, ‘ಇಡ್ತೀನ್ರಿ’ ಎನ್ನುವಾಗ ಎರಡು ಸಲ ಸೊಂಟ ತಾನಾಗಿಯೇ ಬಗ್ಗುತ್ತದೆ. ಮೊನ್ನೆ ಗ್ಯಾಸ್ ಸಿಲಿಂಡರಿನವನ ಜೊತೆ ಹೀಗೆ ಬಾಗಿ ಮಾತಾಡಿ, ತಲೆ ಎತ್ತುವಾಗ ಕಪಾಟಿನ ತೆರೆದ ಬಾಗಿಲಿಗೆ ಹೊಡೆಸಿಕೊಂಡೆ. ನನ್ನ ಗಂಡ ಪೇಪರಿನಿಂದ ಕಣ್ಣೆತ್ತದೆ, "ಸಿಲಿಂಡರ್ ಟೋಕಿಯೋದಿಂದ ಬರಾಕತ್ತೈತೇನು?" ಎಂದರು.

ಇದು ನನ್ನ ಡಿಗ್ರಿಯ ಉಳಿಕೆ. ಜಪಾನಿ ಭಾಷೆ, ಅದರ ಜೊತೆಗೆ ಸ್ವಲ್ಪ ಕೊರಿಯನ್, ಎರಡಕ್ಕೂ ಅಂಟಿಕೊಂಡು ವ್ಯಾಪಾರ ನಿರ್ವಹಣೆ, ಹೀಗೊಂದು ಮೂರು ವರ್ಷದ ಪದವಿ ಪುಣೆಯ ಒಂದು ಕಾಲೇಜಿನಲ್ಲಿತ್ತು. ಐನಾಪುರದಿಂದ ಅದನ್ನು ಓದಲು ಹೋದವಳು ನಾನೊಬ್ಬಳೇ. ಮುಂದೆ ಇಪ್ಪತ್ತು ವರ್ಷ ಅದರ ಅನ್ನವನ್ನೇ ಉಂಡೆ. ಆದರೂ ಊರಿಗೆ ಹೋದರೆ ಇವತ್ತಿಗೂ ಯಾರಾದರೂ ಒಬ್ಬರು, "ಅಲ್ಲ ಸುನಂದಾ, ಅದನ್ಯಾಕ ಕಲಿತಿ?" ಎಂದು ಕೇಳಿಯೇ ಕೇಳುತ್ತಾರೆ. ಬಾಳಕಾಕಾನ ಯಂತ್ರದಿಂದಾಗಿ ಎಂದರೆ ಯಾರೂ ನಂಬುವುದಿಲ್ಲ. ನೀವಾದರೂ ನಂಬಿ.

ಬಾಳಕಾಕಾ ನನ್ನ ಅಪ್ಪನ ತಮ್ಮ. ಕೃಷ್ಣೆಯ ದಂಡೆಯಲ್ಲಿ ನಮ್ಮ ಕಬ್ಬಿನ ಹೊಲ ನೋಡಿಕೊಳ್ಳುತ್ತಿದ್ದ. ಅಪ್ಪ ಪೇಟೆಯಲ್ಲಿ ಬೆಲ್ಲದ ಅಂಗಡಿ ನಡೆಸುತ್ತಿದ್ದ. ಎಂಬತ್ತರ ದಶಕದ ನಡುವೆ ಎಲ್ಲೋ, ನಾನು ಹೈಸ್ಕೂಲಿನಲ್ಲಿದ್ದಾಗ, ಕಾಕಾ ಮುಂಬಯಿಗೆ ಹೋಗಿ ಒಂದು ಹಳೆಯ ಪವರ್ ಟಿಲ್ಲರ್ ಹೊತ್ತು ತಂದ. ಎತ್ತಿಲ್ಲದೆ, ಹಿಡಿಕೆ ಹಿಡಿದು ಹಿಂದೆ ನಡೆಯುತ್ತ ಉಳುವ ಯಂತ್ರ. ಮೈತುಂಬ ಜಪಾನಿ ಅಕ್ಷರ. ಮಾರಿದವನು "ಎಲ್ಲಾ ಸರಳ ಐತಿ" ಅಂದಿದ್ದನಂತೆ.

ಸರಳವಾಗಿಯೇ ಇತ್ತು. ಹಿತ್ತಲಲ್ಲಿ ಚಾಲೂ ಮಾಡಿದ ಕೂಡಲೇ ಅದು ಸರಳವಾಗಿ, ನೇರವಾಗಿ ಮುಂದೆ ನಡೆಯಿತು. ಕಾಕಾ ನಿಲ್ಲಿಸಲು ಒಂದು ಹಿಡಿಕೆ ಎಳೆದ, ವೇಗ ಹೆಚ್ಚಾಯಿತು. ಮತ್ತೊಂದನ್ನು ಎಳೆದ, ಎಡಕ್ಕೆ ತಿರುಗಿತು. ಮೂರನೆಯದನ್ನು ಎಳೆಯುವಷ್ಟರಲ್ಲಿ ಆಯಿಯ, ಅಂದರೆ ನಮ್ಮ ಅಜ್ಜಿಯ, ಕುಳ್ಳು ಬಡಿದಿಟ್ಟ ಗೋಡೆಯನ್ನು ಕೆಡವಿಕೊಂಡು ಯಂತ್ರ ಪಕ್ಕದವರ ಬದನೆ ಗಿಡಗಳಲ್ಲಿ ನಿಂತಿತ್ತು. ಡೀಸೆಲ್ ಮುಗಿಯುವವರೆಗೂ ಅದು ಅಲ್ಲೇ ಗುರುಗುಟ್ಟುತ್ತ ನೆಲ ಕೆದರಿತು. ನಾನು ಹತ್ತಿರ ಹೋಗಿ ಕೆಂಪು ಗುಂಡಿಯ ಮೇಲಿದ್ದ ಎರಡು ಅಕ್ಷರಗಳನ್ನು ನನ್ನ ವಹಿಯ ಕೊನೆಯ ಹಾಳೆಯಲ್ಲಿ ಬರೆದುಕೊಂಡೆ. ಚಂದ ಕಂಡವು, ಅಷ್ಟೇ. ಇಬ್ಬರು ಹೆಂಗಸರು ಬುಟ್ಟಿ ಹೊತ್ತು ನಿಂತ ಹಾಗೆ.

ಪಿಯುಸಿ ಮುಗಿದ ವರ್ಷ ಅಪ್ಪನ ಅಂಗಡಿಗೆ ಬರುತ್ತಿದ್ದ ಮರಾಠಿ ಪೇಪರಿನಲ್ಲಿ ಆ ಕಾಲೇಜಿನ ಜಾಹೀರಾತು ಬಂತು. ನಾನು ಅಪ್ಪನಿಗೆ ಓದಿ ಹೇಳಿದೆ. ಜಪಾನಿ ಎಂದಾಗ ಅಪ್ಪ ತಲೆಯೆತ್ತಲಿಲ್ಲ. ಕೊರಿಯನ್ ಎಂದಾಗಲೂ ಇಲ್ಲ. ವ್ಯಾಪಾರ ಎಂದಾಗ ಮಾತ್ರ, "ಏನ? ಇನ್ನೊಮ್ಮಿ ಓದು" ಎಂದ. ಪುಣೆಯಲ್ಲಿ ಆಯಿಯ ಅಕ್ಕನ ಮಗಳ ಮನೆ ಇತ್ತು. ಹೊತ್ತು ಮುಳುಗುವ ಮೊದಲು ಊಟ ಮುಗಿಸುವ, ನಮ್ಮಂಥದೇ ಜೈನರ ಮನೆ. ಆಯಿಗೆ ಅಷ್ಟು ಸಾಕಾಯಿತು. ಕಾಗವಾಡದಿಂದ ಮೀರಜಿಗೆ ಬಸ್ಸು, ಮೀರಜಿನಿಂದ ರೈಲು. ಟ್ರಂಕಿನಲ್ಲಿ ಒಂದು ಬೆಲ್ಲದ ಪೆಂಟಿ ಇಟ್ಟುಕೊಂಡು ಹೊರಟೆ.

ನನ್ನ ವರ್ಗದ ಹುಡುಗಿಯರು ಇಂಗ್ಲಿಷಿನವರು. ಮನೆಯಲ್ಲಿ ಮರಾಠಿ ಆಡಿದರೂ ಕಾಲೇಜಿನ ಗೇಟು ದಾಟಿದ ಕೂಡಲೇ ಎಲ್ಲವನ್ನೂ ಇಂಗ್ಲಿಷಿನಲ್ಲೇ ಯೋಚಿಸುತ್ತಿದ್ದರು. ನನಗೆ ಆ ಸೌಲಭ್ಯ ಇರಲಿಲ್ಲ. ಇಂಗ್ಲಿಷು ನನ್ನ ಕೈಯಲ್ಲಿ ಬಾಳಕಾಕಾನ ಟಿಲ್ಲರಿನ ಹಾಗೆ, ಎಲ್ಲಿ ತಿರುಗುತ್ತದೋ ಗೊತ್ತಿಲ್ಲ. ಹಾಗಾಗಿ ಕನ್ನಡದಿಂದ ನೇರವಾಗಿ ಜಪಾನಿಗೆ ಜಿಗಿದೆ. ಜಿಗಿದರೆ ಅಲ್ಲಿ ನೆಲ ಇತ್ತು! ನಾನು, ನಾಳೆ, ಅಥಣಿಗೆ, ಹೋಗುತ್ತೇನೆ. ಇದೇ ಸಾಲಿನಲ್ಲಿ ಜಪಾನಿನವರೂ ಹೇಳುತ್ತಾರೆ. ಕ್ರಿಯಾಪದ ಕೊನೆಗೆ. ‘ಗೆ’ ಎನ್ನುವುದು ಊರಿನ ಹೆಸರಿನ ಬಾಲಕ್ಕೆ. ಉಳಿದವರು ವಾಕ್ಯವನ್ನು ತಲೆಕೆಳಗು ಮಾಡಿ ಬೆವರುವಾಗ ನಾನು ಕಾಲು ಚಾಚಿ ಕೂತಿರುತ್ತಿದ್ದೆ.

ಕೊರಿಯನ್ ಅಂತೂ ನಮ್ಮ ಅಂಗಡಿಯ ಕಟ್ಟೆಯ ಭಾಷೆ. ಅದನ್ನು ಕಲಿಸುತ್ತಿದ್ದವರು ಪಾರ್ಕ್ ಸರ್, ಕೊರಿಯಾದಿಂದಲೇ ಬಂದವರು. ಮಾತಿನ ಕೊನೆಗೆ ‘ಯೋ’ ಎಂದು ಸೇರಿಸಿದರೆ ಗೌರವ ಬರುತ್ತದೆ ಎಂದು ಅವರು ವಿವರಿಸುತ್ತಿದ್ದಾಗ, ನಾನು ಎದ್ದು ನಿಂತು, ನಮ್ಮ ಕಡೆ ಅದಕ್ಕೆ ‘ರಿ’ ಅಂತೀವಿ ಎಂದೆ. ಹೌದು, ಹೌದ್ರಿ. ಬಾ, ಬರ್ರಿ. ಪಾರ್ಕ್ ಸರ್ ಬೋರ್ಡಿನ ಮೇಲೆ ‘ರಿ’ ಎಂದು ಬರೆಸಿಕೊಂಡು, ಅದನ್ನು ಅಳಿಸದೆ ವಾರಗಟ್ಟಲೆ ಇಟ್ಟಿದ್ದರು.

ಇಷ್ಟೆಲ್ಲ ಜಂಬ ಕೊಚ್ಚಿಕೊಳ್ಳುತ್ತಿರುವವಳು ಮೊದಲ ವರ್ಷ ಮಾಡಿದ್ದನ್ನೂ ಹೇಳಬೇಕು. ಜಪಾನಿ ಕಲಿಸುವ ಮೊರಿತಾ ಮೇಡಂ ಪುಣೆಯವರನ್ನು ಮದುವೆಯಾಗಿ ಅಲ್ಲೇ ನೆಲೆಸಿದ್ದರು. ಮರಾಠಿ ಎಷ್ಟು ಚೆನ್ನಾಗಿ ಬರುತ್ತಿತ್ತೆಂದರೆ ಎಲ್ಲರೂ ಅವರನ್ನು ಮೊರಿತಾಬಾಯಿ ಎನ್ನುತ್ತಿದ್ದರು. ನನಗಾಗಿ ಮೀನಿಲ್ಲದ, ಗಡ್ಡೆಗೆಣಸಿಲ್ಲದ ಅಡುಗೆ ಮಾಡಿ, ಸಂಜೆ ಐದಕ್ಕೇ ಊಟಕ್ಕೆ ಕರೆದರು. ನಾನು ಉಂಡು, ಕೈ ಜೋಡಿಸಿ, ‘ರುಚಿಯಾಗಿದೆ’ ಎನ್ನಲು ಹೋಗಿ ಒಂದು ಅಕ್ಷರ ತಪ್ಪಿಸಿ, ‘ವಿಚಿತ್ರವಾಗಿದೆ’ ಎಂದೆ. ಮೊರಿತಾಬಾಯಿ ಇನ್ನಷ್ಟು ಬಡಿಸಿದರು. ನಾನು ಇನ್ನೂ ಜೋರಾಗಿ, "ಬಹಳ ವಿಚಿತ್ರವಾಗಿದೆ" ಎಂದೆ.

ಆ ವರ್ಷವೇ ವಹಿಯ ಹಾಳೆ ನೆನಪಾಗಿ, ಆ ಎರಡು ಅಕ್ಷರ ಓದಿದೆ. ‘ನಿಲ್ಲಿಸು’ ಎಂದಿತ್ತು. ಕಾಕಾನಿಗೆ ಕಾರ್ಡು ಬರೆದೆ. ವಾರದಲ್ಲಿ ಉತ್ತರ ಬಂತು: "ಮೊದಲ ಹೇಳಿದ್ರ ಗ್ವಾಡಿ ಉಳೀತಿತ್ತು."

ಎರಡನೆಯ ವರ್ಷ, ಒಂದು ಸೋಮವಾರ ಬೆಳಿಗ್ಗೆ, ಮುನ್ಸೂಚನೆಯಿಲ್ಲದೆ ಅಪ್ಪ ಕಾಲೇಜಿನ ಅಂಗಳದಲ್ಲಿ ನಿಂತಿದ್ದ. ಬಿಳಿ ಟೋಪಿ, ಕೈಯಲ್ಲಿ ಚೀಲ. ನಾನು ಓಡಿ ಹೋದೆ.

"ಯಾಕಪ್ಪಾ? ಆಯಿ ಆರಾಮ ಅದಾಳಿಲ್ಲೊ?"

"ಎಲ್ಲಾರೂ ಆರಾಮ ಅದಾರ. ರಾಯಬಾಗದಿಂದ ಒಂದು ಸಂಬಂಧ ಬಂದೈತಿ. ಚಲೋ ಮಂದಿ. ಹುಡುಗಿ ಇನ್ನೂ ಒಂದೂವರಿ ವರ್ಷ ಜಪಾನಿ ಓದತಾಳಂದ್ರ ಅವರು ಕಾಯಂಗಿಲ್ಲಂತ. ಗಂಟು ಕಟ್ಟು, ಸಂಜಿ ಗಾಡಿಗಿ ಹೋಗೂಣು."

ನಾನು ಅಳಲಿಲ್ಲ. ಅಳು ಬರುವುದಕ್ಕೂ ಸ್ವಲ್ಪ ಸಮಯ ಬೇಕು. ಅಷ್ಟರಲ್ಲಿ ಅಂಗಳದ ಆ ತುದಿಯಿಂದ ಒಂದು ಎಳೆಯ ದನಿ, "ಅಪ್ಪಾ!" ಎಂದು ಕೂಗಿತು.

ಅಪ್ಪ ಗಕ್ಕನೆ ತಿರುಗಿದ. ನಾನಂತೂ ಎದುರಿಗೇ ಇದ್ದೇನೆ, ಮತ್ಯಾರು ಕರೆದರು? ಪಾರ್ಕ್ ಸರ್ ವರ್ಗದಿಂದ ಹೊರಬರುತ್ತಿದ್ದರು, ಅವರ ನಾಲ್ಕು ವರ್ಷದ ಹೆಣ್ಣುಕೂಸು ಓಡಿ ಬಂದು ಸರ್ ಕಾಲು ತಬ್ಬಿಕೊಂಡಿತು. ಮತ್ತೆ "ಅಪ್ಪಾ, ಅಪ್ಪಾ" ಎಂದಿತು.

"ಇವರು ನಮ್ಮ ಕಡ್ಯಾವ್ರೇನು?"

"ಅಲ್ಲಪ್ಪಾ, ಕೊರಿಯಾದವರು. ಅವರಿಗೂ ಅಪ್ಪ ಅಂದ್ರ ಅಪ್ಪನ."

ಅಪ್ಪ ಆ ಕೂಸಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಆಮೇಲೆ ಚೀಲದಿಂದ ಬೆಲ್ಲ ಮುರಿದು ಅದರ ಅಂಗೈಗೆ ಹಾಕಿ, "ಸಂಜಿ ಗಾಡಿಗಿ ಇನ್ನೂ ಹೊತ್ತೈತಿ. ನಿನ್ನ ಸಾಲಿ ನೋಡತೀನಿ ನಡಿ" ಎಂದ.

ಅಂದು ಮೊರಿತಾಬಾಯಿಯ ವ್ಯಾಪಾರದ ತರಗತಿ. ಅಪ್ಪ ಹಿಂದಿನ ಬೆಂಚಿನಲ್ಲಿ ಟೋಪಿ ಸರಿಮಾಡಿಕೊಂಡು ಕೂತ. ಮುಂದೆ ಇಬ್ಬರು ಹುಡುಗಿಯರು, ಒಬ್ಬಳು ಮಾರುವವಳು, ಒಬ್ಬಳು ಕೊಳ್ಳುವವಳು. ಎರಡೂ ಕೈಯಲ್ಲಿ ಕಾರ್ಡು ಕೊಡುವುದು, ಬಾಗುವುದು, ಮಾಲು ತೋರಿಸುವುದು. ಕೊನೆಗೆ ಕೊಳ್ಳುವವಳು ನಗುತ್ತ, "ಕೆಂತೋ ಶಿಮಾಸು" ಎಂದಳು.

"ಹಾಗೆಂದರೆ ಏನು?" ಎಂದು ಮೊರಿತಾಬಾಯಿ ಕೇಳಿದರು. ಎಲ್ಲರೂ ಶಬ್ದಕೋಶ ತೆರೆದರು. ಅಪ್ಪ ಬಾಗಿ ನನ್ನನ್ನು ಕೇಳಿದ.

"ವಿಚಾರ ಮಾಡತೀವಿ ಅಂತಪ್ಪಾ."

"ಹಂಗಂದ್ರ ಬ್ಯಾಡ ಅಂತ ಬೇ!" ಅಪ್ಪನ ಪಿಸುಮಾತು ಪೇಟೆಯ ಪಿಸುಮಾತು, ಇಡೀ ವರ್ಗಕ್ಕೆ ಕೇಳಿಸಿತು. "ನಾವು ‘ನೋಡೂಣು’ ಅನ್ನಂಗಿಲ್ಲೇನು? ನೋಡೂಣು ಅಂದವ ಹೊಳ್ಳಿ ಬಂದದ್ದ ನಾ ಕಂಡಿಲ್ಲ."

ಮೊರಿತಾಬಾಯಿಗೆ ಕನ್ನಡ ತಿಳಿಯದು. ಮರಾಠಿಯಲ್ಲಿ ಕೇಳಿದರು. ಅಪ್ಪ ಎದ್ದುನಿಂತು, ಟೋಪಿ ಮುಟ್ಟಿಕೊಂಡು ಮರಾಠಿಯಲ್ಲೇ ಹೇಳಿದ. ಎದುರಿಗೆ ಬ್ಯಾಡ ಅಂದರೆ ಮನುಷ್ಯನ ಮನಸ್ಸು ಮುರಿಯುತ್ತದೆ, ಅದಕ್ಕೆ ಹಾಗೆ ಅನ್ನುತ್ತಾರೆ, ಚಲೋ ವ್ಯಾಪಾರಿ ಆಗ ಏನು ತೊಡಕು ಎಂದು ಕೇಳಬೇಕು ಎಂದ. ಮೊರಿತಾಬಾಯಿ ಅವನಿಗೆ ಪೂರ್ತಿ ಸೊಂಟ ಬಗ್ಗಿಸಿ ನಮಸ್ಕರಿಸಿದರು. ಇಷ್ಟು ವರ್ಷದಲ್ಲಿ ಇದಕ್ಕೆ ಮೊದಲ ಸಲಕ್ಕೇ ಸರಿ ಉತ್ತರ ಕೊಟ್ಟವರು ನೀವೇ ಎಂದರು.

ಸಂಜೆಯ ರೈಲಿಗೆ ಅಪ್ಪ ಒಬ್ಬನೇ ಹೋದ. ಕಿಟಕಿಯಿಂದ, "ಇದು ವಿದ್ಯಾ ಖರೇ ಐತಿ. ಮುಗಿಸಿಕೊಂಡ ಬಾ" ಎಂದ. ರಾಯಬಾಗದವರಿಗೆ ಏನು ಹೇಳುತ್ತಿ ಎಂದೆ.

"ನೋಡೂಣು ಅಂತೀನಿ."

ಮೂರನೆಯ ವರ್ಷ ನಮಗೆಲ್ಲ ಒಂದು ಕೆಲಸ ಇತ್ತು. ನಮ್ಮ ನಮ್ಮ ಕಡೆಯ ಒಂದು ವಸ್ತುವನ್ನು ನಿಜವಾದ ಜಪಾನಿ ವ್ಯಾಪಾರಿಯ ಮುಂದೆ ಇಟ್ಟು ಮಾತಾಡಬೇಕು. ಬಂದವರು ಹಯಾಶಿ ಎಂಬುವವರು, ಕೈಕಸುಬಿನ ಸಾಮಾನು ಕೊಂಡು ತಮ್ಮ ದೇಶದಲ್ಲಿ ಮಾರುವವರು. ನಾನು ಬೆಲ್ಲದ ಮೇಲೆ ಹದಿನೈದು ನಿಮಿಷ ಮಾತಾಡಿದೆ. ಅವರು ನನ್ನ ಬೆಲ್ಲವನ್ನು ನೋಡಲೇ ಇಲ್ಲ. ಬಾಗಿಲಲ್ಲಿ ಮೊರಿತಾಬಾಯಿ ಬಿಟ್ಟಿದ್ದ ಚರ್ಮದ ಚಪ್ಪಲಿಯನ್ನೇ ನೋಡುತ್ತಿದ್ದರು. ಕೊಲ್ಹಾಪುರದ್ದು ಅಲ್ಲವೇ ಎಂದು ಕೇಳಿದರು. ನನಗೆ ತಡೆಯಲಾಗಲಿಲ್ಲ.

"ಅಲ್ಲ. ಅಥಣಿಯದು. ಕೊಲ್ಹಾಪುರ ಬರೀ ಹೆಸರು. ಮಾಡುವವರು ನಮ್ಮವರು. ನೋಡಬೇಕಾದರೆ ಬನ್ನಿ, ನಾನು ಕರೆದುಕೊಂಡು ಹೋಗುತ್ತೇನೆ."

ಹಯಾಶಿ ಬರುತ್ತೇನೆ ಎಂದುಬಿಟ್ಟರು. ಆಮೇಲೆ ನಾಲಗೆ ಕಚ್ಚಿಕೊಂಡೆ. ಅಥಣಿಯಲ್ಲಿ ಚಪ್ಪಲಿ ಮಾಡುವವರಲ್ಲಿ ಒಬ್ಬರನ್ನೂ ನಾನು ಬಲ್ಲವಳಲ್ಲ. ಮೇಲಾಗಿ ನಮ್ಮ ಮನೆಯಲ್ಲಿ ಚರ್ಮವನ್ನು ಯಾರೂ ಮೆಟ್ಟುವುದಿಲ್ಲ. ನನ್ನ ಕಾಲಲ್ಲಿ ಆಗಲೂ ರಬ್ಬರಿನ ಚಪ್ಪಲಿಯೇ ಇತ್ತು.

ಊರಿಗೆ ಹೋಗಿ ಆಯಿಗೆ ಹೇಳಿದೆ. ಆಕೆ ಮರುದಿನ ಬೆಳಿಗ್ಗೆ ಬಸದಿಯಿಂದ ಬಂದು, "ಸತ್ತ ಎಮ್ಮಿ ಚರ್ಮಾನೊ, ಕೊಂದದ್ದೊ? ಅದನ್ನ ಕೇಳಿಕೊಂಡ ಬಾ ಮೊದಲ" ಎಂದಳು.

ಅದನ್ನೇ ಕೇಳಲು ಅಥಣಿಗೆ ಹೋದೆ. ಪೇಟೆಯಲ್ಲಿ ಚಪ್ಪಲಿ ಮಾರುವ ಸಾವಕಾರರ ಅಂಗಡಿ ಸಿಕ್ಕಿತು. ಅಲ್ಲಿಂದ ಎರಡು ಓಣಿ ದಾಟಿದರೆ ಮಾಡುವವರ ಮನೆಗಳು. ಒಂದು ಅಂಗಳದಲ್ಲಿ ಗಂಡ ಮಾರುತಿ ಚಪ್ಪಲಿ ತಳದ ಅಟ್ಟೆ ಕೊಯ್ಯುತ್ತಿದ್ದ, ಹೆಂಡತಿ ಕಸ್ತೂರಿ ಚರ್ಮದ ಎಳೆಗಳನ್ನು ಜಡೆ ಹೆಣೆದಂತೆ ಹೆಣೆಯುತ್ತಿದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳು. ಆಯಿಯ ಪ್ರಶ್ನೆಯನ್ನು ಕೇಳಲು ನನಗೆ ನಾಚಿಕೆಯಾಯಿತು. ಆದರೂ ಕೇಳಿದೆ.

ಕಸ್ತೂರಿ ಹೆಣಿಗೆ ನಿಲ್ಲಿಸಲಿಲ್ಲ. "ಸುಳ್ಳ ಹೇಳಿ ನಿಮ್ಮ ಆಯೀನ್ನ ಖುಷಿ ಮಾಡಂಗಿಲ್ರಿ. ಎರಡೂ ಇರತಾವ. ಚರ್ಮಾ ನಮ್ಮ ಮನಿಗಿ ಬರೂದರಾಗ ಅದರ ಮುಖಾ ನಾವು ನೋಡಿರಂಗಿಲ್ಲ."

ಈ ಮಾತನ್ನು ಹಾಗೆಯೇ ಆಯಿಗೆ ಒಪ್ಪಿಸಿದೆ. ಆಕೆ ಜಪಮಣಿ ಎಣಿಸುತ್ತ ಕೂತಳು. ಕೊನೆಗೆ, "ನನಗ ಸೇರಂಗಿಲ್ಲ. ಎಂದೂ ಸೇರಂಗಿಲ್ಲ. ಆದ್ರ ಆಕಿ ಖರೇ ಹೇಳ್ಯಾಳ. ಅಂಥಾಕಿ ಮಾತು ನೀ ಮಂದಿಗಿ ಹೇಳಿದ್ರ ನಾ ಬ್ಯಾಡ ಅನ್ನಂಗಿಲ್ಲ. ನೀನೂ ಖರೇನ ಹೇಳು" ಎಂದಳು.

ಹಯಾಶಿ ಬಂದ ದಿನ ಸಾವಕಾರರು ಅಂಗಡಿಗೆ ಹೂಮಾಲೆ ಕಟ್ಟಿಸಿದ್ದರು. ಚಹಾ ಆಯಿತು, ಪೇಢೆ ಆಯಿತು. ಹಯಾಶಿ, ಇವುಗಳನ್ನು ಮಾಡುವುದನ್ನು ನೋಡಬೇಕು ಎಂದರು. ಸಾವಕಾರರು ನನ್ನ ಕಡೆ ಬಾಗಿ, "ಅಲ್ಲೇನ ಐತ್ರಿ ನೋಡೂದು? ಎಲ್ಲಾ ನಮ್ಮ ಕಾರ್ಖಾನ್ಯಾಗ ಆಗತಾವು, ಅದು ಇಂದ ಬಂದ್ ಐತಿ ಅಂತ ಹೇಳ್ರಿ" ಎಂದರು.

ಅವರಿಗೆ ಕಾರ್ಖಾನೆಯೇ ಇರಲಿಲ್ಲ. ನಾನು ಹಯಾಶಿಗೆ ಹೇಳಿದೆ: ಇವರು ಮಾರುವವರು, ಮಾಡುವವರು ಎರಡು ಓಣಿಯಾಚೆ ಇದ್ದಾರೆ, ಮಾಡುವುದನ್ನು ನೀವು ನೋಡುವುದು ಇವರಿಗೆ ಇಷ್ಟವಿಲ್ಲ, ನೋಡಲೇಬೇಕೆಂದು ನೀವೇ ಕೇಳಿದರೆ ಒಳ್ಳೆಯದು.

"ಇಷ್ಟ ಉದ್ದ ಏನ ಹೇಳಿದ್ರಿ?" ಸಾವಕಾರರಿಗೆ ಅನುಮಾನ.

"ಜಪಾನಿ ಭಾಷಾನ ಉದ್ದ ಐತ್ರಿ."

ಹಯಾಶಿ ಎದ್ದೇಬಿಟ್ಟರು. ಸಾವಕಾರರೂ ಹಿಂದೆ ಬರಬೇಕಾಯಿತು. ಕಸ್ತೂರಿಯ ಅಂಗಳದಲ್ಲಿ ಹಯಾಶಿ ನೆಲದ ಮೇಲೇ ಕೂತು ಅರ್ಧ ಗಂಟೆ ಆಕೆಯ ಬೆರಳುಗಳನ್ನು ನೋಡಿದರು. ಹೆಬ್ಬೆರಳ ಸಂದಿಗೆ ಪಟ್ಟಿ ಇರುವ ಪಾದರಕ್ಷೆ ಅವರ ದೇಶದಲ್ಲೂ ಉಂಟು, ಹಾಗಾಗಿ ಒಂದು ಜೊತೆಯನ್ನು ಸಲೀಸಾಗಿ ಮೆಟ್ಟಿ ನಡೆದರು. ಕರ್ರ್, ಕರ್ರ್, ಕರ್ರ್. ಇನ್ನೊಂದು ಸುತ್ತು. ಕರ್ರ್, ಕರ್ರ್. ಚಪ್ಪಲಿ ಬಿಟ್ಟು, ನಗುತ್ತ, ಚೆಂದಾಗಿ ಬಾಗಿ ಹೇಳಿದರು:

"ಕೆಂತೋ ಶಿಮಾಸು."

ಸಾವಕಾರರ ಮುಖ ಅರಳಿತು. "ಏನಂದ್ರ? ಎಷ್ಟ ಬೇಕಂತ?"

"ಬ್ಯಾಡ ಅಂದಾರ್ರಿ."

"ನಕ್ಕೋತ ಬ್ಯಾಡ ಅಂತಾರೇನು? ನಿಮಗ ಭಾಷಾ ಸರಿ ಬರಂಗಿಲ್ಲೇನ್ರಿ?"

ಮಾರುತಿ ಕತ್ತಿ ಕೆಳಗಿಟ್ಟ. ಕಸ್ತೂರಿ ನನ್ನ ಮುಖ ನೋಡಿದಳು. ದುಭಾಷಿ ತಾನಾಗಿ ಮಾತಾಡಬಾರದು, ಅದು ಮೊರಿತಾಬಾಯಿ ಕಲಿಸಿದ ಮೊದಲ ನಿಯಮ. ಏನು ತೊಡಕು ಎಂದು ಕೇಳಬೇಕು, ಅದು ಅಪ್ಪ ಕಲಿಸಿದ್ದು. ಮೊದಲನೆಯದನ್ನು ಅಂಗಡಿಯಲ್ಲೇ ಒಮ್ಮೆ ಮುರಿದಾಗಿತ್ತು. ಕೇಳಿಯೇಬಿಟ್ಟೆ.

"ಹಯಾಶಿ ಸಾನ್, ಕ್ಷಮಿಸಿ. ಇದು ನನ್ನ ಮಾತು, ಇವರದಲ್ಲ. ಇವರು ನಾಳೆಯಿಂದ ನಿಮ್ಮ ಪತ್ರದ ದಾರಿ ಕಾಯುತ್ತಾರೆ. ಎಲ್ಲಿ ತಪ್ಪಾಗಿದೆ ಎಂದು ಹೇಳಿದರೆ ಕಾಯುವುದಾದರೂ ತಪ್ಪುತ್ತದೆ."

ಅವರ ನಗು ಹೋಯಿತು. ನನ್ನ ಡಿಗ್ರಿಯೂ ಹೋಯಿತು ಎಂದುಕೊಂಡೆ. ಹಯಾಶಿ ಚಪ್ಪಲಿಯ ಕಡೆ ನೋಡುತ್ತ, ತಗ್ಗಿದ ದನಿಯಲ್ಲಿ ಹೇಳಿದರು. ವಸ್ತು ಬಹಳ ಚೆಂದ. ಆದರೆ ಸದ್ದು. ನಮ್ಮ ಕಡೆ ಹೀಗೆ ಸದ್ದು ಮಾಡುತ್ತ ನಡೆದರೆ ಮೆಟ್ಟಿದವರು ಸಂಕೋಚದಿಂದ ಸತ್ತೇ ಹೋಗುತ್ತಾರೆ. ಅದು ಚರ್ಮದ ಗುಣ, ಮಾಡಿದವರ ತಪ್ಪಲ್ಲ, ಹೇಗೆ ಹೇಳುವುದೆಂದು ಸುಮ್ಮನಾದೆ, ಎಂದರು.

ನಾನು ಕನ್ನಡಕ್ಕೆ ತಂದೆ. ಕಸ್ತೂರಿ ಸೆರಗು ಬಾಯಿಗೆ ಹಿಡಿದು ನಕ್ಕಳು.

"ಚರ್ಮದ ಗುಣ ಎಲ್ಲೈತ್ರಿ! ಎರಡ ಅಟ್ಟಿ ನಡುವ ಬೀಜಾ ಇಟ್ಟಿರತೀವಿ, ಅದು ಕರ್ರ್ ಅಂತೈತಿ. ಸದ್ದ ಬರಲಿಲ್ಲಂದ್ರ ನಮ್ಮ ಮಂದಿ ಚಪ್ಲಿ ಹೊಳ್ಳಿ ತಂದ ಒಗೀತಾರ. ಇವರಿಗಿ ಬ್ಯಾಡಂದ್ರ ತಗದ್ರಾತು."

ಚಪ್ಪಲಿ ಮಡಿಲಿಗೆ ಎಳೆದುಕೊಂಡು, ಹೊಲಿಗೆ ಬಿಚ್ಚಿ, ಬೀಜ ಒಗೆದು, ಮತ್ತೆ ಹೊಲಿದಳು. ಒಂದು ಕಪ್ಪು ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಹಯಾಶಿ ಮೆಟ್ಟಿ ಅಂಗಳವನ್ನು ಮೂರು ಸುತ್ತು ಬಂದರು. ಬೆಕ್ಕು ನಡೆದ ಹಾಗೆ. ಈ ಸಲ ಅವರು ನಗಲಿಲ್ಲ, ಬಾಗಲಿಲ್ಲ. "ಐವತ್ತು ಜೊತೆಗೆ ಎಷ್ಟು ದಿನ ಬೇಕು?" ಎಂದರು. ನಾನು ಕನ್ನಡದಲ್ಲಿ ಹೇಳುವ ಮೊದಲೇ ಆ ಮುಖ ನೋಡಿ ಸಾವಕಾರರಿಗೂ ಅರ್ಥವಾಯಿತು.

ಹೊರಡುವಾಗ ಹಯಾಶಿ ಇನ್ನೊಂದು ಮಾತು ಹೇಳಿದರು. ಪ್ರತಿಯೊಂದರ ಒಳಮೈ ಮೇಲೆ ಮಾಡಿದವರ ಹೆಸರು ಇರಬೇಕು.

"ನಮ್ಮ ಅಂಗಡಿ ಸಿಕ್ಕಾ ಒತ್ತಿರತೀವಲ್ರಿ" ಎಂದರು ಸಾವಕಾರರು. ಹಯಾಶಿ ಅಡ್ಡಡ್ಡ ತಲೆಯಾಡಿಸಿ, ಅಂಗೈ ತೆರೆದು ಕಸ್ತೂರಿಯ ಕಡೆ ತೋರಿಸಿದರು. ಸಾವಕಾರರು ಕೆಟ್ಟ ಮನುಷ್ಯರೇನಲ್ಲ. "ಆತ್ರಿ, ಆಕೀದ ಇರಲಿ. ಕಳಿಸೂದು ಮಾತ್ರ ನಮ್ಮ ಅಂಗಡಿಯಿಂದನ" ಎಂದರು.

ಪರೀಕ್ಷೆ ಮುಗಿದು ಪಾಸಾದ ಮೇಲೆ ನಾನು ಮತ್ತೆ ಅಥಣಿಗೆ ಹೋದೆ. ಚರ್ಮ ಕೊಯ್ದು ಸಿದ್ಧವಾಗಿತ್ತು, ಕೆಲಸ ಮಾತ್ರ ನಿಂತಿತ್ತು.

"ಹೆಸರ ಬರೀಬೇಕಲ್ರಿ" ಎಂದಳು ಕಸ್ತೂರಿ. "ನನಗ ಬರಿಯಾಕ ಬರಂಗಿಲ್ಲ. ಎಲ್ಲಿದ್ರೂ ಹೆಬ್ಬಟ್ಟನ. ಬ್ಯಾರೇದವರ ಕಡೆ ಬರಿಸಿದ್ರ ಅದು ಅವರ ಕೈ ಆಗತೈತಿ."

ನಾನು ಒಂದು ಚೀಟಿಯ ಮೇಲೆ ಜಪಾನಿಯಲ್ಲಿ ಆಕೆಯ ಹೆಸರು ಬರೆದುಕೊಟ್ಟೆ. ನಾಲ್ಕು ಸಣ್ಣ ಅಕ್ಷರ, ಎಲ್ಲಾ ನೆಟ್ಟಗಿನ ಗೆರೆಗಳು, ಚರ್ಮದ ಮೇಲೆ ಕೊರೆಯಲು ಸುಲಭ. ಆಕೆ ಬೆರಳಾಡಿಸಿ ನೋಡಿದಳು.

"ಇದು ಅವರದಾತು. ನಮ್ಮ ಅಕ್ಷರದಾಗ ನಾ ಹ್ಯಾಂಗ ಇರತೀನಿ?"

ಕೆಳಗೆ ಕನ್ನಡದಲ್ಲಿ ಬರೆದೆ. ಆಕೆ ಚೀಟಿಯನ್ನು ಬೆಳಕಿಗೆ ಹಿಡಿದಳು. ಮಾರುತಿಯೂ ಬಂದು ಹೆಗಲ ಮೇಲಿಂದ ಇಣುಕಿದ.

"ನಡುವಿನ ಅಕ್ಷರದ ಕೆಳಗ ಇದೇನ ಜೋತ ಬಿದ್ದೈತಿ?"

"ಅದು ‘ತ’. ಒತ್ತಕ್ಷರ. ಕೆತ್ತಾಕ ತೊಡಕು. ಅವರಿಗಿ ಕನ್ನಡ ಓದಾಕ ಬರಂಗಿಲ್ಲ ಕಸ್ತೂರಿ, ಜಪಾನಿ ಒಂದ ಇದ್ರ ಸಾಕು."

"ಅವರಿಗಿ ಬರಂಗಿಲ್ಲ, ನನಗೂ ಬರಂಗಿಲ್ಲ. ಆದ್ರ ನನ್ನ ಹೆಸರು ಮೊದಲ ನನ್ನ ಅಕ್ಷರದಾಗ ಇರಲಿ. ಅವರದು ಕೆಳಗ ಇರಲಿ." ಹೀಗೆಂದು ಉಳಿ ಎತ್ತಿಕೊಂಡು ಒಂದು ಹಳೆಯ ತುಂಡಿನ ಮೇಲೆ ‘ಕ’ದ ತಲೆ ಕೊರೆಯಲು ಶುರು ಮಾಡಿದಳು. ಮೊದಲನೆಯದು ಹಪ್ಪಳದಂತಾಯಿತು. ಎರಡನೆಯದೂ ಹಾಗೇ. ಒತ್ತಕ್ಷರ ಎರಡು ಸಲ ಅಟ್ಟೆಯ ಅಂಚಿನಿಂದ ಕೆಳಗೆ ಬಿತ್ತು. ಮೂರು ದಿನ ನಾನು ಪಕ್ಕದಲ್ಲೇ ಕೂತಿದ್ದೆ.

ಐವತ್ತು ಜೊತೆ ಎಂದರೆ ನೂರು ಚಪ್ಪಲಿ, ನೂರು ಸಲ ಆಕೆಯ ಹೆಸರು. ಡಬ್ಬಿ ಕಟ್ಟುವ ದಿನ ಹೋಗಿ ನೋಡಿದಾಗ, ಕಸ್ತೂರಿ ಮಾರುತಿಯ ಜೊತೆ ಏನೋ ಜಗಳವಾಡುತ್ತ, ಕೈಯತ್ತ ನೋಡದೆಯೇ ಬರೆಯುತ್ತಿದ್ದಳು. ನಾನು ಬರೆದುಕೊಟ್ಟ ಚೀಟಿ ಎಲ್ಲಿ ಎಂದು ಕೇಳಿದೆ.

"ಅದ್ಯಾವಾಗೋ ಒಲಿಗಿ ಹಾಕೇನ್ರಿ" ಎಂದಳು.